ಮಳೆಗೆ ಮುನ್ನ ಕಡತ ಕಟ್ಟಿಡಿ, ಬಿಚ್ಚಿಯೂ ನೋಡಿ

ಮೇ ತಿಂಗಳ ಕೊನೆಗೆ ಕೊಡಗಿನ ಮನೆಗಳಲ್ಲಿ ಕೆಲಸವೋ ಕೆಲಸ. ಸೌದೆ ಒಳಗೆ ಸೇರಬೇಕು, ಚರಂಡಿ ಬಿಡಿಸಬೇಕು, ಹೆಂಚು ಸರಿಪಡಿಸಬೇಕು, ಟಾರ್ಚಿಗೆ ಬ್ಯಾಟರಿ ತರಬೇಕು. ಈ ಪಟ್ಟಿಗೆ ಇನ್ನೊಂದನ್ನು ಸೇರಿಸಿಕೊಳ್ಳಿ ಎಂದು ನಾನು ಕೆಲವು ವರ್ಷಗಳಿಂದ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೇನೆ: ಕಂಪ್ಯೂಟರಿನಲ್ಲಿರುವ ಮನೆಯ ಕಾಗದಪತ್ರಗಳನ್ನು ಒಂದು ಕಟ್ಟು ಮಾಡಿ, ಅದರ ಒಂದು ಪ್ರತಿಯನ್ನು ಘಟ್ಟದ ಆಚೆ ಇಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಎಷ್ಟೋ ಜನ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಓಡಬೇಕಾಯಿತು. ಅಂಥ ಹೊತ್ತಿನಲ್ಲಿ ಕಪಾಟು ತೆರೆದು ಪಹಣಿ ಹುಡುಕುವವರು ಯಾರು?

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಮಳೆ ಪುಸ್ತಕ. ತೋಟವಿರುವ ಹಲವು ಮನೆಗಳಲ್ಲಿ ಇದು ಇದ್ದೇ ಇರುತ್ತದೆ. ಬೆಳಿಗ್ಗೆ ಎದ್ದು ಅಂಗಳದ ಮಳೆ ಮಾಪಕದ ನೀರನ್ನು ಅಳೆದು, ಇಂಚು ಮತ್ತು ಸೆಂಟ್ ಲೆಕ್ಕದಲ್ಲಿ ಬರೆದಿಡುವುದು. ನೂರು ಸೆಂಟಿಗೆ ಒಂದು ಇಂಚು. ಕಾಫಿ ಹೂ ಅರಳಿಸುವ ಹೂಮಳೆ ಯಾವ ವರ್ಷ ಎಂದು ಬಿತ್ತು, ಎಷ್ಟು ಬಿತ್ತು ಎಂಬುದೆಲ್ಲ ಅದರಲ್ಲಿದೆ. ಅಜ್ಜನ ಕಾಲದ ಪುಟಗಳಿಗೆ ಬೂಷ್ಟು ಹಿಡಿಯಲು ತೊಡಗಿದಾಗ ಅವನ್ನೆಲ್ಲ ಸ್ಕ್ಯಾನ್ ಮಾಡಿಸಿದೆವು. ಅವುಗಳ ಜೊತೆಗೆ ಪಹಣಿ, ಕಾಫಿ ಲೆಕ್ಕ, ಹಳೆಯ ಫೋಟೋ ಎಲ್ಲ ಸೇರಿ ಸಾವಿರಾರು ಫೈಲ್‌ಗಳು. ಇವನ್ನು ಒಂದೊಂದಾಗಿ ಪೆನ್‌ಡ್ರೈವಿಗೆ ಎಳೆದು ಹಾಕುವಾಗ ಕರೆಂಟ್ ಹೋದರೆ ಯಾವುದು ಹೋಯಿತು, ಯಾವುದು ಉಳಿಯಿತು ಎಂದು ಹೇಳುವುದು ಕಷ್ಟ. ಅದಕ್ಕೇ ಟಾರ್, ಅಂದರೆ ಹಲವು ಫೈಲ್‌ಗಳನ್ನು ಒಂದೇ ಫೈಲಾಗಿ ಕಟ್ಟುವ ಕಮಾಂಡ್.

ಟಾರ್ ಹಳೆಯ ಸಾಧನ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಏಳನೆಯ ಆವೃತ್ತಿಯೊಂದಿಗೆ 1979ರಲ್ಲಿ ಬಂದದ್ದು. ಆಗ ಕಡತಗಳನ್ನು ಉಳಿಸುತ್ತಿದ್ದುದು ಟೇಪ್ ಸುರುಳಿಗಳ ಮೇಲೆ. ಹೆಸರೂ ಟೇಪ್ ಆರ್ಕೈವ್ ಎಂಬುದರಿಂದಲೇ ಹುಟ್ಟಿದೆ. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಇದು ಮೊದಲಿನಿಂದಲೂ ಇದೆ. ವಿಂಡೋಸ್ 10ರಲ್ಲಿ 2018ರಿಂದ ಜೊತೆಗೇ ಬರುತ್ತಿದೆ. ಹಾಗಾಗಿ ಹೊಸದಾಗಿ ಏನನ್ನೂ ಹಾಕಿಕೊಳ್ಳಬೇಕಾಗಿಲ್ಲ, ಇಂಟರ್ನೆಟ್ಟೂ ಬೇಡ. ವಾರಗಟ್ಟಲೆ ನೆಟ್‌ವರ್ಕ್ ಸಿಗದ ಊರುಗಳಿರುವ ನಮ್ಮ ಜಿಲ್ಲೆಗೆ ಇದು ಸಣ್ಣ ಸಂಗತಿಯಲ್ಲ.

ಮೊದಲು ಫೈಲ್‌ಗಳನ್ನು ಒಂದೆಡೆ ತನ್ನಿ. ‘ಮನೆ’ ಎಂಬ ಒಂದು ಫೋಲ್ಡರ್, ಅದರೊಳಗೆ ಮಳೆ, ಪಹಣಿ, ಕಾಫಿಲೆಕ್ಕ, ಫೋಟೋ ಎಂಬ ಫೋಲ್ಡರ್‌ಗಳು. ಇಲ್ಲಿ ಕನ್ನಡದಲ್ಲಿ ಅಚ್ಚಾಗಿರುವ ಕಮಾಂಡ್‌ಗಳನ್ನೂ ಹೆಸರುಗಳನ್ನೂ ನೀವು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು (ಟಾರ್ ಎಂದರೆ tar). ಫೈಲ್‌ಗೆ ಕನ್ನಡ ಹೆಸರಿಡಬಾರದೆಂದಲ್ಲ. ಆದರೆ ಟಾರ್‌ನ ಹಳೆಯ ಮಾದರಿಯಲ್ಲಿ ಹೆಸರಿಗೆ ಮೀಸಲಾದ ಜಾಗ 100 ಬೈಟ್ ಮಾತ್ರ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ‘ಕ’ ಒಂದಕ್ಕೇ ಮೂರು ಬೈಟ್ ಬೇಕು, ಒತ್ತಕ್ಷರಗಳಿಗೆ ಇನ್ನೂ ಹೆಚ್ಚು. ಈಗಿನ ಟಾರ್‌ಗಳು ಉದ್ದದ ಹೆಸರನ್ನು ನಿಭಾಯಿಸುತ್ತವೆ. ಆದರೂ ಒಂದು ಕಂಪ್ಯೂಟರಿನಲ್ಲಿ ಕಟ್ಟಿ ಇನ್ನೊಂದರಲ್ಲಿ ಬಿಚ್ಚುವ ಕಟ್ಟಿಗೆ ಸರಳ ಹೆಸರೇ ಕ್ಷೇಮ. ಹೆಸರಿನ ನಡುವೆ ಜಾಗ ಬಿಡಬೇಡಿ. ಬಿಟ್ಟರೆ ಟಾರ್ ಅದನ್ನು ಎರಡು ಹೆಸರೆಂದು ತಿಳಿಯುತ್ತದೆ.

ಇನ್ನು ಟರ್ಮಿನಲ್, ಅಂದರೆ ಕಮಾಂಡ್ ಒತ್ತುವ ಕಿಟಕಿ, ತೆರೆಯಿರಿ. ವಿಂಡೋಸ್‌ನಲ್ಲಾದರೆ ಕಮಾಂಡ್ ಪ್ರಾಂಪ್ಟ್. ‘ಸಿಡಿ’ ಎಂಬ ಕಮಾಂಡಿನಿಂದ ‘ಮನೆ’ ಫೋಲ್ಡರ್ ಇರುವ ಜಾಗಕ್ಕೆ ಹೋಗಿ. ಗಮನವಿರಲಿ, ‘ಮನೆ’ಯ ಒಳಗೆ ಹೋಗಬಾರದು, ಅದರ ಹೊರಗೆ ನಿಲ್ಲಬೇಕು. ಒಳಗೆ ನಿಂತು ಕಟ್ಟಿದರೆ ಮುಂದೆ ಬಿಚ್ಚುವಾಗ ಫೈಲ್‌ಗಳು ಒಂದು ಫೋಲ್ಡರಿನಲ್ಲಿ ಕೂರದೆ ಅಂಗಳದಲ್ಲಿ ಸುರಿದ ಕಾಫಿಯಂತೆ ಚೆಲ್ಲಾಪಿಲ್ಲಿಯಾಗುತ್ತವೆ. ಈಗ ಹೀಗೆ ಒತ್ತಿ ಎಂಟರ್ ಕೊಡಿ:

ಟಾರ್ -ಸಿವಿಎಫ್ ಮನೆ-2025-05.ಟಾರ್ ಮನೆ

ಅಡ್ಡಗೆರೆಯ ನಂತರದ ಸಿ ಎಂದರೆ ಹೊಸ ಕಟ್ಟು ಕಟ್ಟು. ವಿ ಎಂದರೆ ಕಟ್ಟುತ್ತಿರುವ ಒಂದೊಂದು ಫೈಲಿನ ಹೆಸರನ್ನೂ ತೋರಿಸು. ಎಫ್ ಎಂದರೆ ಮುಂದೆ ಬರುವುದು ಕಟ್ಟಿನ ಹೆಸರು. ಆಮೇಲೆ ಏನನ್ನು ಕಟ್ಟಬೇಕೋ ಆ ಫೋಲ್ಡರಿನ ಹೆಸರು. ಪರದೆಯ ಮೇಲೆ ಹೆಸರುಗಳು ಸರಸರನೆ ಮೇಲೇರುತ್ತವೆ. ನಿಂತಾಗ ಕೆಲಸ ಮುಗಿದಿದೆ.

ಎಫ್ ಅಕ್ಷರದ ಬಗ್ಗೆ ಸ್ವಲ್ಪ ನಿಲ್ಲಬೇಕು. ಅದು ಅಕ್ಷರಗಳ ಗುಂಪಿನಲ್ಲಿ ಕೊನೆಯದಾಗಿರಲಿ, ಅದರ ಬೆನ್ನಿಗೇ ಕಟ್ಟಿನ ಹೆಸರು ಬರಲಿ. ಅವಸರದಲ್ಲಿ ಕಟ್ಟಿನ ಹೆಸರನ್ನು ಮರೆತು ಎರಡು ಫೈಲ್‌ಗಳ ಹೆಸರನ್ನಷ್ಟೇ ಕೊಟ್ಟಿರಿ ಎನ್ನೋಣ. ಟಾರ್ ಮೊದಲನೆಯ ಫೈಲನ್ನೇ ಕಟ್ಟಿನ ಹೆಸರೆಂದು ಭಾವಿಸಿ, ಅದರಲ್ಲಿದ್ದುದನ್ನೆಲ್ಲ ಅಳಿಸಿ, ಎರಡನೆಯ ಫೈಲನ್ನು ಅದರೊಳಗೆ ತುಂಬುತ್ತದೆ. ಕೇಳುವುದೂ ಇಲ್ಲ, ಎಚ್ಚರಿಸುವುದೂ ಇಲ್ಲ. ಎಂಟರ್ ಒತ್ತುವ ಮೊದಲು ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳುವ ಅಭ್ಯಾಸ ನನಗೆ ಅಂಟಿದ್ದು ಈ ಭಯದಿಂದ.

ಕಟ್ಟಿನೊಳಗೆ ನಡೆಯುವುದನ್ನು ಗೋಣಿಚೀಲಗಳನ್ನು ನೆನೆದರೆ ಸುಲಭವಾಗಿ ತಿಳಿಯಬಹುದು. ಪ್ರತಿ ಫೈಲಿಗೂ ಟಾರ್ 512 ಬೈಟಿನ ಒಂದು ಚೀಟಿ ಬರೆಯುತ್ತದೆ: ಹೆಸರು, ಗಾತ್ರ, ಒಡೆಯ, ಕೊನೆಯದಾಗಿ ತಿದ್ದಿದ ದಿನ ಮತ್ತು ಹೊತ್ತು. ಚೀಟಿಯ ಹಿಂದೆ ಫೈಲಿನ ಸರಕು, ಅದೂ 512ರ ಅಳತೆಯ ಚೀಲಗಳಲ್ಲಿ; ಕೊನೆಯ ಚೀಲ ತುಂಬದಿದ್ದರೆ ಸೊನ್ನೆ ತುಂಬಿ ದಬ್ಬಳದಿಂದ ಹೊಲಿದುಬಿಡುತ್ತದೆ. ಆಮೇಲೆ ಮುಂದಿನ ಚೀಟಿ. ಎಲ್ಲ ಮುಗಿದ ಗುರುತಿಗೆ ಬರೀ ಸೊನ್ನೆಗಳ ಎರಡು ಚೀಲ. ಇಷ್ಟೇ. ಸರಕು ಇದ್ದ ಹಾಗೇ ಇರುತ್ತದೆ, ತೂಕ ಇಳಿಯುವುದಿಲ್ಲ. ಟಾರ್ ಮಾಡಿದರೆ ಗಾತ್ರ ಕುಗ್ಗುತ್ತದೆ ಎಂದು ನಂಬಿದವರು ಬಹಳ ಮಂದಿ. ಕುಗ್ಗಿಸುವುದು ಬೇರೆಯದೇ ಕೆಲಸ.

ಅದಕ್ಕಿರುವುದು ಜಿಜಿಪ್, 1992ರಲ್ಲಿ ಬಂದದ್ದು. ಟಾರ್‌ಗೆ ಜಡ್ ಎಂಬ ಅಕ್ಷರ ಸೇರಿಸಿದರೆ ಕಟ್ಟುವುದೂ ಕುಗ್ಗಿಸುವುದೂ ಒಟ್ಟಿಗೆ ಆಗುತ್ತದೆ:

ಟಾರ್ -ಸಿಜಡ್‌ವಿಎಫ್ ಲೆಕ್ಕ-2025-05.ಟಾರ್.ಜಿಜಡ್ ಮನೆ/ಕಾಫಿಲೆಕ್ಕ

ಮತ್ತೆ ಮತ್ತೆ ಬರುವ ಅಕ್ಷರ ಸಾಲುಗಳನ್ನು ಪೂರ್ತಿ ಬರೆಯದೆ ‘ಹಿಂದೆ ಬಂದದ್ದೇ’ ಎಂದು ಗುರುತು ಹಾಕುವುದು ಇದರ ಉಪಾಯ. ಆದ್ದರಿಂದ ಬರಹ ಮತ್ತು ಅಂಕಿ ತುಂಬಿದ ಫೈಲ್‌ಗಳು ಚೆನ್ನಾಗಿ ಕುಗ್ಗುತ್ತವೆ, ಬಿಚ್ಚಿದಾಗ ಒಂದಕ್ಷರವೂ ಕಳೆದುಹೋಗಿರುವುದಿಲ್ಲ. ಜೆಪೆಗ್ ಫೋಟೋಗಳು ಮಾತ್ರ ಮೊದಲೇ ಕುಗ್ಗಿಸಿಟ್ಟವು. ಅವಕ್ಕೆ ಜಡ್ ಸೇರಿಸಿದರೆ ಸಮಯ ಹೋಗುತ್ತದೆಯೇ ಹೊರತು ಜಾಗ ಉಳಿಯುವುದಿಲ್ಲ.

ಸ್ಕ್ಯಾನ್ ಮಾಡಿದ ಪುಟಗಳಿಗೆ, ಫೋಟೋಗಳಿಗೆ ಜಡ್ ಬೇಡವೆನ್ನಲು ಇನ್ನೂ ದೊಡ್ಡ ಕಾರಣವಿದೆ. ನಮ್ಮ ಮಳೆಗಾಲದ ತೇವ ಪೆನ್‌ಡ್ರೈವನ್ನೂ ಬಿಡುವುದಿಲ್ಲ. ಬರೀ ಟಾರ್ ಕಟ್ಟಿನ ನಡುವೆ ಒಂದೆಡೆ ಕೆಟ್ಟರೆ ಆ ಫೈಲು ಹೋಗುತ್ತದೆ, ಆದರೆ ಮುಂದಿನ ಚೀಟಿ ಸಿಕ್ಕ ಕಡೆಯಿಂದ ಉಳಿದವನ್ನು ಸಾಮಾನ್ಯವಾಗಿ ತೆಗೆದುಕೊಳ್ಳಬಹುದು. ಜಿಜಿಪ್ ಮಾಡಿದ ಕಟ್ಟು ಒಂದೇ ನೂಲಿನಲ್ಲಿ ಹೆಣೆದಂತೆ. ಎಲ್ಲಿ ಹರಿಯಿತೋ ಅಲ್ಲಿಂದಾಚೆಯದು ಬಹುಪಾಲು ಕೈಬಿಟ್ಟಂತೆಯೇ. ನನ್ನ ತೀರ್ಮಾನ ಇದು: ಲೆಕ್ಕಪತ್ರಕ್ಕೆ ಜಡ್ ಇರಲಿ, ಇನ್ನೊಮ್ಮೆ ತೆಗೆಯಲಾಗದ ಫೋಟೋ ಮತ್ತು ಹಳೆಯ ಪುಟಗಳಿಗೆ ಜಾಗ ಹೆಚ್ಚು ಹಿಡಿದರೂ ಬರೀ ಟಾರ್.

ಜಿಪ್ ಏಕಾಗಬಾರದು ಎಂದು ಕೇಳುವವರಿದ್ದಾರೆ. ಹತ್ತು ಫೈಲ್‌ಗಳನ್ನು ಮೇಲ್ ಮಾಡುವುದಿದ್ದರೆ ಜಿಪ್ ಧಾರಾಳವಾಗಿ ಸಾಕು.

ಕಟ್ಟಿದ ಮೇಲೆ ಬಹುತೇಕ ಜನ ಎದ್ದು ಹೋಗುತ್ತಾರೆ. ನಾನು ಈ ಲೇಖನ ಬರೆಯಲು ಕುಳಿತದ್ದು ಅಲ್ಲಿಂದ ಮುಂದಿನ ಕೆಲಸಕ್ಕಾಗಿ. ಮೊದಲು, ಕಟ್ಟನ್ನು ಬಿಚ್ಚದೆ ಒಳಗೆ ಏನಿದೆ ಎಂದು ನೋಡಿ:

ಟಾರ್ -ಟಿವಿಎಫ್ ಮನೆ-2025-05.ಟಾರ್

ಟಿ ಎಂದರೆ ಪಟ್ಟಿ ಕೊಡು. ಹೆಸರು, ಗಾತ್ರ, ದಿನ ಎಲ್ಲ ಸಾಲಾಗಿ ಬರುತ್ತವೆ, ಯಾವ ಫೈಲೂ ಅಲುಗುವುದಿಲ್ಲ. ಮಳೆ ಫೋಲ್ಡರಿನಲ್ಲಿ ಈ ವರ್ಷದ ಫೈಲ್ ಇದೆಯೇ? ಗಾತ್ರ ಸೊನ್ನೆ ಎಂದಿಲ್ಲವಷ್ಟೆ? ಪ್ರತಿ ಸಾಲೂ ‘ಮನೆ/’ ಎಂದೇ ಆರಂಭವಾಗುತ್ತಿದೆಯೇ? ಬೇರೆಯವರು ಕೊಟ್ಟ ಕಟ್ಟನ್ನಂತೂ ಪಟ್ಟಿ ನೋಡದೆ ಎಂದೂ ಬಿಚ್ಚಬೇಡಿ.

ಲಿನಕ್ಸ್ ಬಳಸುವವರಿಗೆ ಇನ್ನೊಂದು ಅನುಕೂಲ: ಟಿ ಬದಲು ಡಿ ಒತ್ತಿದರೆ, ಅಂದರೆ ‘ಟಾರ್ -ಡಿಎಫ್’ ಎಂದರೆ, ಕಟ್ಟಿನಲ್ಲಿರುವುದನ್ನು ಡಿಸ್ಕಿನಲ್ಲಿರುವುದರ ಜೊತೆ ಹೋಲಿಸಿ ವ್ಯತ್ಯಾಸವಿದ್ದರೆ ಮಾತ್ರ ಹೇಳುತ್ತದೆ. ಏನೂ ಹೇಳದೆ ಸುಮ್ಮನಾದರೆ ಎರಡೂ ಒಂದೇ ಎಂದರ್ಥ.

ಈಗ ಬಿಚ್ಚುವುದು. ಕೆಲವು ವರ್ಷಗಳ ಹಿಂದೆ ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವರ ಕಕ್ಕಡ ತಿಂಗಳ ಒಂದು ಸಂಜೆ, ಕರೆಂಟ್ ಬಂದ ಸ್ವಲ್ಪ ಹೊತ್ತಿನಲ್ಲಿ, ಒಂದು ಹಳೆಯ ಪಹಣಿ ಬೇಕಾಗಿ ಏಪ್ರಿಲ್‌ನಲ್ಲಿ ಕಟ್ಟಿದ್ದ ಕಟ್ಟನ್ನು ಇದ್ದಲ್ಲೇ ಬಿಚ್ಚಿದೆ. ಪಹಣಿ ಸಿಕ್ಕಿತು. ಮರುದಿನ ಬೆಳಿಗ್ಗೆ ಮಳೆ ಬರೆಯಲು ಫೈಲ್ ತೆರೆದರೆ ಕೊನೆಯ ಸಾಲು ಏಪ್ರಿಲ್ ತಿಂಗಳದು. ಮೇ, ಜೂನ್, ಜುಲೈ ಇರಲಿಲ್ಲ. ಟಾರ್ ಏಪ್ರಿಲಿನ ಫೈಲನ್ನು ತಂದು ಜುಲೈನ ಫೈಲಿನ ಮೇಲೆ ಕೂರಿಸಿತ್ತು. ಅದೇ ಹೆಸರಿನ ಫೈಲ್ ಎದುರಾದರೆ ಸದ್ದಿಲ್ಲದೆ ಅದರ ಜಾಗಕ್ಕೆ ಹಳೆಯದನ್ನು ಇಡುವುದು ಅದರ ಸ್ವಭಾವ. ಅಪ್ಪ ಹಳೆಯ ರೂಢಿ ಬಿಡದೆ ಕ್ಯಾಲೆಂಡರಿನ ಚೌಕಗಳಲ್ಲಿಯೂ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದುದರಿಂದ ಆ ಮೂರು ತಿಂಗಳ ಮಳೆ ಉಳಿಯಿತು. ಅವರು ಒಂದೊಂದೇ ಚೌಕ ಓದಿ ಹೇಳಿದರು, ನಾನು ಮತ್ತೆ ಬರೆದೆ. ಎರಡು ಸಂಜೆ ಹಿಡಿಯಿತು.

ಹಾಗಾಗಿ ಬಿಚ್ಚುವುದಕ್ಕೆ ಯಾವಾಗಲೂ ಖಾಲಿ ಜಾಗವೊಂದನ್ನು ಮಾಡಿಕೊಳ್ಳಿ:

ಎಂಕೆಡಿಐಆರ್ ಪರೀಕ್ಷೆ
ಟಾರ್ -ಎಕ್ಸ್‌ವಿಎಫ್ ಮನೆ-2025-05.ಟಾರ್ -ಸಿ ಪರೀಕ್ಷೆ

ಮೊದಲ ಸಾಲು ‘ಪರೀಕ್ಷೆ’ ಎಂಬ ಹೊಸ ಫೋಲ್ಡರ್ ಮಾಡುತ್ತದೆ. ಎರಡನೆಯದರಲ್ಲಿ ಎಕ್ಸ್ ಎಂದರೆ ಬಿಚ್ಚು. ಕೊನೆಯ ಸಿ ದೊಡ್ಡಕ್ಷರದ ಸಿ. ಬಿಚ್ಚಿದ್ದನ್ನು ಆ ಫೋಲ್ಡರಿನೊಳಗೆ ಇಡು ಎಂದು ಅದರ ಅರ್ಥ. ಅಲ್ಲಿ ಸಣ್ಣ ಸಿ ಒತ್ತಿದರೆ ಕಟ್ಟಬೇಕೋ ಬಿಚ್ಚಬೇಕೋ ತಿಳಿಯದೆ ಟಾರ್ ಕೆಲಸವನ್ನೇ ನಿರಾಕರಿಸುತ್ತದೆ. ಜಡ್ ಹಾಕಿ ಕಟ್ಟಿದ್ದನ್ನೂ ಹೀಗೇ ಬಿಚ್ಚಬಹುದು, ಈಗಿನ ಟಾರ್‌ಗಳು ತಾವೇ ಗುರುತಿಸುತ್ತವೆ. ಇದ್ದಲ್ಲೇ ಬಿಚ್ಚಲೇಬೇಕಾದ ಸಂದರ್ಭ ಬಂದರೆ ಎಕ್ಸ್ ಪಕ್ಕದಲ್ಲಿ ಸಣ್ಣ ಕೆ ಸೇರಿಸಿ; ಆಗ ಮೊದಲೇ ಇರುವ ಫೈಲನ್ನು ಅದು ಮುಟ್ಟುವುದಿಲ್ಲ. ಆ ಒಂದು ಅಕ್ಷರ ಅಂದು ಗೊತ್ತಿದ್ದರೆ ಅಪ್ಪನಿಗೆ ಕನ್ನಡಕ ಹಾಕಿಕೊಂಡು ಕೂರುವ ಕಷ್ಟವಿರುತ್ತಿರಲಿಲ್ಲ.

ಒಂದೇ ಫೈಲ್ ಸಾಕೆಂದರೆ ಇಡೀ ಕಟ್ಟನ್ನು ಬಿಚ್ಚಬೇಕಾಗಿಲ್ಲ. ಟಿ ಕೊಟ್ಟ ಪಟ್ಟಿಯಲ್ಲಿ ಆ ಫೈಲಿನ ಹೆಸರು ಹೇಗಿದೆಯೋ ಹಾಗೇ, ‘ಮನೆ/ಪಹಣಿ/’ ಎಂಬ ದಾರಿಯನ್ನೂ ಸೇರಿಸಿ, ಸಾಲಿನ ಕೊನೆಗೆ ಬರೆದರೆ ಅದೊಂದೇ ಹೊರಬರುತ್ತದೆ.

ಬಿಚ್ಚಿದ ಮೇಲೆ ಕೆಲವನ್ನು ತೆರೆದು ನೋಡಿ. ಮೊದಲಿನದೊಂದು, ನಡುವಿನದೊಂದು, ಕೊನೆಯದೊಂದು. ಫೋಟೋ ಪೂರ್ತಿ ಕಾಣುತ್ತಿದೆಯೇ, ಅರ್ಧಕ್ಕೆ ಬೂದುಬಣ್ಣವಾಗಿದೆಯೇ? ಸರಿಯಿದ್ದರೆ ‘ಪರೀಕ್ಷೆ’ ಫೋಲ್ಡರನ್ನು ಅಳಿಸಿ.

ಪೆನ್‌ಡ್ರೈವಿಗೆ ಹಾಕುವಾಗ ಒಂದು ತೊಡಕು ಎದುರಾಗಬಹುದು. ಎಷ್ಟೋ ಪೆನ್‌ಡ್ರೈವ್‌ಗಳು ಫ್ಯಾಟ್32 ಎಂಬ ಹಳೆಯ ವ್ಯವಸ್ಥೆಯಲ್ಲಿರುತ್ತವೆ; ಅವುಗಳಲ್ಲಿ 4 ಜಿಬಿಗಿಂತ ದೊಡ್ಡ ಒಂಟಿ ಫೈಲ್ ಹಿಡಿಸುವುದಿಲ್ಲ, ಜಾಗ ಎಷ್ಟೇ ಖಾಲಿಯಿರಲಿ. ನಾನು ಫೋಟೋಗಳನ್ನು ವರ್ಷವಾರು ಬೇರೆ ಬೇರೆ ಕಟ್ಟು ಮಾಡುತ್ತೇನೆ. ಒಂದು ಕೆಟ್ಟರೂ ಉಳಿದವು ಉಳಿಯುತ್ತವೆ ಎಂಬ ಸಮಾಧಾನವೂ ಇದೆ. ಹೆಸರಿನಲ್ಲಿ ವರ್ಷ ಮೊದಲು, ತಿಂಗಳು ಆಮೇಲೆ ಇರಲಿ. ಆಗ ಪಟ್ಟಿಯಲ್ಲಿ ಅವು ತಾವಾಗಿ ಕಾಲಕ್ರಮದಲ್ಲಿ ನಿಲ್ಲುತ್ತವೆ.

ಮಳೆಗಾಲದ ನಡುವೆ ಹೊಸ ಫೈಲ್ ಸೇರಿದರೆ ಎಲ್ಲವನ್ನೂ ಮತ್ತೆ ಕಟ್ಟುವುದು ಬೇಡ. ಸಿ ಜಾಗದಲ್ಲಿ ಆರ್ ಒತ್ತಿದರೆ ಹಳೆಯ ಕಟ್ಟಿನ ತುದಿಗೇ ಅದು ಸೇರುತ್ತದೆ. ಜಡ್ ಹಾಕಿದ ಕಟ್ಟಿಗೆ ಹೀಗೆ ಸೇರಿಸಲಾಗದು. ಅದೇ ಹೆಸರಿನ ಫೈಲನ್ನು ಎರಡನೆಯ ಬಾರಿ ಸೇರಿಸಿದರೆ ಕಟ್ಟಿನಲ್ಲಿ ಎರಡೂ ಇರುತ್ತವೆ, ಬಿಚ್ಚಿದಾಗ ಕೊನೆಗೆ ಸೇರಿಸಿದ್ದು ನಿಲ್ಲುತ್ತದೆ.

ಒಂದು ಪ್ರತಿ ಮನೆಯಲ್ಲಿ, ಅಕ್ಕಿ ಡಬ್ಬದಲ್ಲಿಟ್ಟರೂ ಸರಿ, ಒಣಗಿರಲಿ. ಇನ್ನೊಂದು ಪ್ರತಿ ಇದೇ ಗುಡ್ಡದ ಮೇಲೆ ಇರಬಾರದು. ನಮ್ಮದು ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿದೆ. ಕಳೆದ ಬಾರಿ ಪೆನ್‌ಡ್ರೈವ್ ಕಳಿಸಿದಾಗ, ಅಲ್ಲಿ ಅವಳ ಕಂಪ್ಯೂಟರಿನಲ್ಲೂ ಒಮ್ಮೆ ಬಿಚ್ಚಿ ನೋಡಬೇಕೆಂದು ಫೋನಿನಲ್ಲಿ ಸಾಲು ಹೇಳಿಕೊಟ್ಟೆ. ದೊಡ್ಡಕ್ಷರದ ಸಿ ಎಂದು ಎರಡು ಸಲ ಹೇಳಬೇಕಾಯಿತು. ಸ್ವಲ್ಪ ಹೊತ್ತು ಅವಳ ಮಾತಿಲ್ಲ. ಆಮೇಲೆ ಅಜ್ಜನ ಕೈಬರಹದ ಒಂದು ಪುಟವನ್ನು ತೆರೆದು ಓದಿದಳು: ‘ಬೆಳಿಗ್ಗೆ ನಾಲ್ಕು ಇಂಚು ಇಪ್ಪತ್ತು ಸೆಂಟ್. ಹೊಳೆ ಗದ್ದೆಗೆ ಬಂದಿದೆ.’