ಮಾನಿಟರ್ ಸೆಟ್ಟಿಂಗ್ಸ್ ನಾನು ಹೊಂದಿಸ್ಕೊಂಡಿದ್ದು ಹೀಗೆ

27 ಇಂಚಿನ 4ಕೆ ಮಾನಿಟರ್ ತಗೊಂಡು ನನ್ನ ಹಳೇ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಕೇಬಲ್ಲಲ್ಲಿ ಹಾಕಿದ್ರೆ ಮೌಸ್ ತಡವರಿಸ್ಕೊಂಡು ಓಡಾಡ್ತಿತ್ತು, ಅಕ್ಷರ ಓದಕ್ಕಾಗದಷ್ಟು ಚಿಕ್ಕದು, ಕಪ್ಪು ಅನ್ನೋದು ಬೂದಿ ಬಳಿದಂಗೆ ಕಾಣ್ತಿತ್ತು. ಇಂಥಾದ್ದು ಕಂಡ ತಕ್ಷಣ ಪೀಸೇ ಸರಿ ಇಲ್ಲ ಅಂತ ವಾಪಸ್ ಕಳಿಸೋರು ಜಾಸ್ತಿ, ಆದ್ರೆ ಈ ಮೂರೂ ಸೆಟ್ಟಿಂಗ್ಸಲ್ಲೇ ಸರಿಹೋಗ್ಬೋದು.

ಮೊದ್ಲು ಮೌಸ್ ವಿಷ್ಯ. ವಿಂಡೋಸಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ಒಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆಗೆದು ನೋಡ್ದೆ, ರಿಫ್ರೆಶ್ ರೇಟ್ 30 ಹರ್ಟ್ಸ್ ಅಂತಿತ್ತು, ಅಂದ್ರೆ ಪರದೆ ಸೆಕೆಂಡಿಗೆ 30 ಸಲ ಮಾತ್ರ ಹೊಸ ಚಿತ್ರ ತೋರಿಸ್ತಿದೆ. 4ಕೆ ಅಂದ್ರೆ 3840 ಬೈ 2160, ಒಂದೊಂದು ಸಲಕ್ಕೂ ಸುಮಾರು 83 ಲಕ್ಷ ಪಿಕ್ಸೆಲ್ ಕಳಿಸ್ಬೇಕು, ಲ್ಯಾಪ್‌ಟಾಪಿನ ಪೋರ್ಟ್ ಎಚ್‌ಡಿಎಂಐನ ಹಳೇ ಆವೃತ್ತಿ 1.4 ಆಗಿದ್ರಿಂದ 4ಕೆನಲ್ಲಿ ಅದ್ರ ಕೈಲಾಗೋದು ಅಷ್ಟೇ. ಟೈಪ್-ಸಿ ಇಂದ ಡಿಸ್‌ಪ್ಲೇಪೋರ್ಟಿಗೆ ಹೋಗೋ ಕೇಬಲ್ ಹಾಕ್ದೆ, 60 ಬಂತು (ಎಲ್ಲಾ ಟೈಪ್-ಸಿ ಪೋರ್ಟೂ ವಿಡಿಯೋ ಕೊಡಲ್ಲ, ಲ್ಯಾಪ್‌ಟಾಪಿನ ಸ್ಪೆಕ್ ನೋಡ್ಕೊಂಡೇ ಕೇಬಲ್ ತಗೊಳ್ಳಿ). 144 ಹರ್ಟ್ಸ್ ಮಾನಿಟರ್ ಇರೋರು ಕೂಡ ಇದೇ ಜಾಗ ಒಂದ್ಸಲ ತೆಗೆದು ನೋಡಿ, ದುಡ್ಡು ಕೊಟ್ಟಿರೋದು 144ಕ್ಕೆ, ಓಡ್ತಿರೋದು 60ರಲ್ಲಿ, ಇದು ತುಂಬಾ ಕಾಮನ್ನು.

ಅಕ್ಷರ ಚಿಕ್ಕದಾಯ್ತು ಅಂತ ರೆಸಲ್ಯೂಶನ್ ಇಳಿಸ್ಬೇಡಿ, ಪ್ಯಾನಲ್ಲಿನ ನೇಟಿವ್ ರೆಸಲ್ಯೂಶನ್ (ಪರದೇಲಿ ನಿಜವಾಗ್ಲೂ ಇರೋ ಪಿಕ್ಸೆಲ್ ಲೆಕ್ಕ) ಬಿಟ್ಟು ಬೇರೆ ಹಾಕಿದ್ರೆ ಸಾಮಾನ್ಯವಾಗಿ ಎಲ್ಲಾ ಮಸುಕು. ನಾನು ಅದೇ ಡಿಸ್‌ಪ್ಲೇ ಸೆಟ್ಟಿಂಗ್ಸಲ್ಲಿ ಸ್ಕೇಲಿಂಗ್, ಅಂದ್ರೆ ಅಕ್ಷರ ಐಕಾನ್ ದೊಡ್ದು ಮಾಡೋ ಆಯ್ಕೆ, 150 ಪರ್ಸೆಂಟಿಗೆ ಏರಿಸ್ದೆ, ಸೈಜ್ ಮಾತ್ರ ದೊಡ್ದಾಯ್ತು, ಪಿಕ್ಸೆಲ್ ಅಷ್ಟೇ ಉಳೀತು. 24 ಇಂಚಿನ ಫುಲ್ ಎಚ್‌ಡಿಲಿ ಇಂಚಿಗೆ 92 ಪಿಕ್ಸೆಲ್ ಆದ್ರೆ ಇದ್ರಲ್ಲಿ 163, ಇದನ್ನೇ ಪಿಪಿಐ ಅನ್ನೋದು. ಇಂಗ್ಲಿಷ್ ಓದೋವಾಗ ಅಷ್ಟು ಗೊತ್ತಾಗಲ್ಲ, "ಲಕ್ಷ್ಮಿ" "ಸ್ತ್ರೀ" ಅಂತ ಟೈಪ್ ಮಾಡಿ ನೋಡಿ, ಕೆಳಗಿನ ಒತ್ತಕ್ಷರಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಕಾಣ್ತವೆ. ನನ್ನ ಪ್ರಕಾರ ಕನ್ನಡ ಓದೋ ಬರೆಯೋ ಕೆಲಸ ಇರೋರಿಗೆ ಹರ್ಟ್ಸಿಗಿಂತ ಪಿಪಿಐ ಮುಖ್ಯ.

ಬೂದಿ ಬಣ್ಣದ್ದು ಆರ್‌ಜಿಬಿ ರೇಂಜ್, ಅಂದ್ರೆ ಕಪ್ಪಿಂದ ಬಿಳಿವರೆಗಿನ ನಂಬರ್ ಲೆಕ್ಕದ ಕಿತಾಪತಿ. ಟಿವಿ ಲೆಕ್ಕದಲ್ಲಿ ಕಪ್ಪು 16, ಬಿಳಿ 235. ಕಂಪ್ಯೂಟರ್ ಲೆಕ್ಕದಲ್ಲಿ 0 ಇಂದ 255. ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕಳಿಸೋ ಸಾಫ್ಟ್‌ವೇರ್) ಮಾನಿಟರನ್ನ ಟಿವಿ ಅಂದ್ಕೊಂಡು ಕಪ್ಪಿಗೆ 16 ಕಳಿಸತ್ತೆ, ಮಾನಿಟರಿಗೆ 16 ಅಂದ್ರೆ ಪೂರ್ತಿ ಕಪ್ಪಲ್ಲ, ಹಂಗಾಗಿ ಎಲ್ಲಾ ತೊಳೆದಂಗೆ ಕಾಣತ್ತೆ. ಡ್ರೈವರ್ ಸೆಟ್ಟಿಂಗಲ್ಲಿ ಲಿಮಿಟೆಡ್ ಇದ್ದಿದ್ದನ್ನ ಫುಲ್ ಮಾಡ್ದೆ, ಮುಗೀತು.

ಬ್ರೈಟ್‌ನೆಸ್ಸಿಗೆ ಯಾವ ನಂಬರೂ ಹೇಳಲ್ಲ ನಾನು. ಪಕ್ಕದಲ್ಲಿ ಬಿಳಿ ಹಾಳೆ ಇಟ್ಕೊಂಡು, ಪರದೇಲಿ ಖಾಲಿ ಡಾಕ್ಯುಮೆಂಟ್ ತೆಗೆದು, ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಾಣೋವರೆಗೂ ಇಳಿಸ್ತಾ ಬಂದೆ. ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರೋ ಬೆಳಕಿನ ವ್ಯತ್ಯಾಸ) ಮುಟ್ಲೇ ಇಲ್ಲ. ಡಬ್ಬದ ಮೇಲೆ ಕೋಟಿಗಟ್ಟಲೆ ಡೈನಮಿಕ್ ಕಾಂಟ್ರಾಸ್ಟ್ ಅಂತ ಇದ್ರೆ ಕಣ್ಣು ಹಾಯಿಸ್ಬೇಡಿ, ಎಲ್‌ಸಿಡಿ ಪರದೆಗಳಲ್ಲಿ ಐಪಿಎಸ್ ಅನ್ನೋ ಥರದ ಪ್ಯಾನಲ್ಲಿಗೆ ನಿಜವಾದ ಕಾಂಟ್ರಾಸ್ಟ್ ಸಾಮಾನ್ಯವಾಗಿ 1000:1, ವಿಎ ಅನ್ನೋ ಥರದ್ದಕ್ಕೆ 3000:1 ಆಸುಪಾಸು. ಎಚ್‌ಡಿಆರ್ (ಬೆಳಕು ಕತ್ತಲೆ ಇನ್ನೂ ಎದ್ದು ಕಾಣೋ ಹಂಗೆ ತೋರಿಸೋ ಮೋಡ್) 400 ಸ್ಟಿಕರ್ರೂ ಅಷ್ಟೇ, ಲೋಕಲ್ ಡಿಮ್ಮಿಂಗ್, ಅಂದ್ರೆ ಕಪ್ಪಿರೋ ಜಾಗದಲ್ಲಿ ಮಾತ್ರ ಹಿಂದಿನ ಬೆಳಕು ಇಳಿಸೋದು, ಇರ್ಲೇಬೇಕು ಅಂತ ಅದ್ರಲ್ಲಿಲ್ಲ, ನಾನಂತೂ ಎಚ್‌ಡಿಆರ್ ಆಫ್ ಮಾಡಿಟ್ಟಿದೀನಿ.

ಇನ್ನೊಂದು, ಮಾನಿಟರಿನ ಮೆನುವಲ್ಲಿರೋ ಓವರ್‌ಡ್ರೈವ್. ಪಿಕ್ಸೆಲ್ ಬೇಗ ಬಣ್ಣ ಬದಲಿಸ್ಲಿ ಅಂತ ಇರೋದು, 1 ಮಿಲಿಸೆಕೆಂಡ್ ರೆಸ್ಪಾನ್ಸ್ ಟೈಮ್ ಅಂತ ಬರೆಯೋದು ಸಾಮಾನ್ಯವಾಗಿ ಇದನ್ನ ಕೊನೇ ಮಟ್ಟಕ್ಕೆ ಏರಿಸ್ಕೊಂಡೇ. ಹಂಗೆ ಏರಿಸಿ ಉದ್ದದ ಪೇಜ್ ಸ್ಕ್ರೋಲ್ ಮಾಡ್ದೆ, ಅಕ್ಷರದ ಹಿಂದೆ ಬೆಳ್ಳಗೆ ನೆರಳು ಬಂತು, ಪೂರ್ತಿ ಆಫ್ ಮಾಡಿದ್ರೆ ಕಪ್ಪು ನೆರಳು. ಮಧ್ಯದ ಆಯ್ಕೆಲಿ ಎರಡೂ ಇಲ್ಲ, ಅಲ್ಲೇ ಬಿಟ್ಟಿದೀನಿ.