ಸ್ಕಾಟ್ಲೆಂಡಿನ ಕೋಟೆಯಲ್ಲಿ ಮಗಳ ಮದುವೆ: ಹೊರಡುವ ಹೆತ್ತವರಿಗೆ ಕೆಲವು ಸಲಹೆಗಳು

ಮದುವೆಗೆ ಹೋಗುವ ಹೆತ್ತವರಿಗೆ ಬ್ರಿಟನ್ನಿನ ಸಾಮಾನ್ಯ ಸಂದರ್ಶಕ ವೀಸಾ ಸಾಕು; ಪ್ರಯಾಣಕ್ಕೆ 3 ತಿಂಗಳಿರುವಾಗಷ್ಟೇ ಅರ್ಜಿ ಸಲ್ಲಿಸಲು ಅವಕಾಶವಿರುವುದರಿಂದ, ಆ ಅವಧಿ ಆರಂಭವಾದ ಕೂಡಲೇ ಲಗ್ನಪತ್ರಿಕೆಯನ್ನೂ ಮಗಳ ಆಹ್ವಾನ ಪತ್ರವನ್ನೂ ಲಗತ್ತಿಸಿ ಸಲ್ಲಿಸುವುದು ಒಳ್ಳೆಯದು. ವಧೂವರರು ಕಾನೂನುಬದ್ಧ ವಿವಾಹಕ್ಕಾಗಿ ಅಲ್ಲಿನ ನೋಂದಣಾಧಿಕಾರಿಗೆ ಕನಿಷ್ಠ 29 ದಿನ ಮುಂಚಿತವಾಗಿ ಸೂಚನಾಪತ್ರ ಸಲ್ಲಿಸಬೇಕು.

ಹೋಮ ಮಾಡಿಸುವ ಉದ್ದೇಶವಿದ್ದರೆ, ಕೋಟೆಯೊಳಗೆ ಅಗ್ನಿ ಪ್ರತಿಷ್ಠಾಪಿಸಲು ಒಪ್ಪಿಗೆಯಿದೆಯೇ ಎಂಬುದನ್ನು ಮುಂಗಡ ಹಣ ಕೊಡುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ. ಮಾಂಗಲ್ಯಧಾರಣೆಯ ಹೊತ್ತಿಗೆ ಹೊಗೆಯ ಎಚ್ಚರಿಕೆ ಗಂಟೆ ಮೊಳಗಿದರೆ ಪುರೋಹಿತರೂ ಏನೂ ಮಾಡಲಾರರು. ಹಳೆಯ ಕೋಟೆಗಳಲ್ಲಿ ಸಾಮಾನ್ಯವಾಗಿ ಕಿರಿದಾದ ಸುರುಳಿ ಮೆಟ್ಟಿಲುಗಳಿದ್ದು, ಲಿಫ್ಟ್ ಇಲ್ಲದಿರಬಹುದಾದ ಕಾರಣ, ಮಂಡಿನೋವಿರುವ ಹಿರಿಯರಿಗೆ ನೆಲಮಹಡಿಯ ಕೋಣೆಯನ್ನೇ ಕೇಳಿ. ಬೇಸಿಗೆಯಲ್ಲೂ ಕಲ್ಲಿನ ಗೋಡೆಗಳ ನಡುವೆ ಚಳಿಯಿರುತ್ತದೆ. ರೇಷ್ಮೆ ಸೀರೆಯೊಂದಿಗೆ ಶಾಲು ಇರಲಿ.

ಒಡವೆಗಳನ್ನು ಒಯ್ಯುವವರು ಹೊರಡುವಾಗ ಭಾರತದ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆದರೆ, ಮರಳುವಾಗ ಸುಂಕದ ತಕರಾರು ಏಳುವುದಿಲ್ಲ. ಇದಕ್ಕಾಗಿ ನಿಲ್ದಾಣವನ್ನು ಬೇಗ ತಲುಪಬೇಕು.

ಒಂದು ದಿನ ಬಿಡುವಿದ್ದರೆ ಎಡಿನ್‌ಬರೋ ಸಾಕು. ನಗರದ ಕೋಟೆಯಿಂದ ಹೋಲಿರೂಡ್ ಅರಮನೆಯವರೆಗಿನ ರಾಯಲ್ ಮೈಲ್ ಇಳಿಜಾರಾದ್ದರಿಂದ, ಕೋಟೆಯ ಟಿಕೆಟನ್ನು ಮೊದಲೇ ಕಾಯ್ದಿರಿಸಿ ಅಲ್ಲಿಂದಲೇ ಕೆಳಗೆ ನಡೆಯಿರಿ. ಆಗಸ್ಟ್‌ನಲ್ಲಿ ಉತ್ಸವಗಳ ಕಾರಣ ವಸತಿ ಬಹಳ ದುಬಾರಿ.