ಮೂರು ಸರ್ವರ್, ಹತ್ತೊಂಬತ್ತು ವಿಎಂ: ನಾವು ಪ್ಲಾಟ್‌ಫಾರ್ಮ್ ಬದಲಿಸಿದ ಬಗೆ

ನಮ್ಮಲ್ಲಿದ್ದದ್ದು ಮೂರು ಸರ್ವರ್, ಅವುಗಳ ಮೇಲೆ ಹತ್ತೊಂಬತ್ತು ವಿಎಂ (ಸರ್ವರ್ ಒಳಗೆ ಸಾಫ್ಟ್‌ವೇರ್‌ನಿಂದ ಸೃಷ್ಟಿಸಿದ ವರ್ಚುವಲ್ ಕಂಪ್ಯೂಟರ್). ಎಲ್ಲವೂ ವಿಎಂವೇರ್ ಕಂಪನಿಯ ಹೈಪರ್‌ವೈಸರ್ (ವಿಎಂಗಳನ್ನು ಓಡಿಸುವ ತಂತ್ರಾಂಶ) ಮೇಲೆ ಓಡುತ್ತಿದ್ದವು, ಅದರ ಕೆಲಸದ ಬಗ್ಗೆ ನನಗೆ ಇವತ್ತಿಗೂ ತಕರಾರಿಲ್ಲ. 2023ರ ನವೆಂಬರ್‌ನಲ್ಲಿ ಆ ಕಂಪನಿ ಬ್ರಾಡ್‌ಕಾಮ್ ಪಾಲಾಯಿತು. ಡಿಸೆಂಬರ್‌ನಲ್ಲಿ, ಒಮ್ಮೆ ಕೊಂಡರೆ ನಮ್ಮದೇ ಆಗುವ ಲೈಸೆನ್ಸ್‌ಗಳ ಮಾರಾಟ ನಿಂತು ಚಂದಾ ಪದ್ಧತಿ ಬಂತು. ಲೆಕ್ಕ ಕೋರ್‌ಗಳ (ಸಿಪಿಯು ಒಳಗಿನ ಸಂಸ್ಕರಣಾ ಘಟಕಗಳ) ಮೇಲೆ, ಒಂದು ಸಿಪಿಯುಗೆ ಕನಿಷ್ಠ 16. ನಮ್ಮ ಆರು ಸಿಪಿಯುಗಳಲ್ಲಿ ತಲಾ 12 ಕೋರ್, ಅಂದರೆ ಇದ್ದದ್ದು 72, ಲೆಕ್ಕಕ್ಕೆ 96. ಬೇರೆ ಏನಿದೆ ನೋಡಿ ಎಂದರು ಮ್ಯಾನೇಜರ್.

ಮೊದಲ ಎರಡು ವಾರ ನಾನು ಮಾಡಿದ್ದು ದಂಡದ ಕೆಲಸ. ದೊಡ್ಡ ಎಕ್ಸೆಲ್ ಶೀಟ್ ತೆರೆದು ಲೈವ್ ಮೈಗ್ರೇಷನ್ (ಓಡುತ್ತಿರುವ ವಿಎಂ ಅನ್ನು ಬೇರೆ ಸರ್ವರ್‌ಗೆ ಸರಿಸುವುದು) ಯಾವುದರಲ್ಲಿದೆ, ಎಚ್‌ಎ (ಸರ್ವರ್ ಕೆಟ್ಟರೆ ವಿಎಂ ತಾನಾಗಿ ಬೇರೆಡೆ ಏಳುವುದು) ಯಾವುದರಲ್ಲಿದೆ ಎಂದು ಟಿಕ್ ಹಾಕುತ್ತ ಕೂತೆ. ಎಲ್ಲದಕ್ಕೂ ಟಿಕ್ ಬಿತ್ತು. ಶೀಟ್ ಮುಚ್ಚಿ ಎರಡೇ ಪ್ರಶ್ನೆ ಇಟ್ಟುಕೊಂಡೆ: ಡಿಸ್ಕ್ ಎಲ್ಲಿರುತ್ತದೆ? ಕೆಟ್ಟರೆ ವಾಪಸ್ ತರುವುದು ಹೇಗೆ?

ಮೈಕ್ರೋಸಾಫ್ಟ್‌ನ ಹೈಪರ್-ವಿ ಕೆಟ್ಟ ಆಯ್ಕೆಯೇನಲ್ಲ. ಎಲ್ಲ ವಿಂಡೋಸ್ ಇದ್ದು, ವಿಂಡೋಸ್ ಸರ್ವರ್‌ನ ಡೇಟಾಸೆಂಟರ್ ಲೈಸೆನ್ಸ್ ಮೊದಲೇ ಕೊಂಡಿದ್ದರೆ ಕಣ್ಣು ಮುಚ್ಚಿ ಅದನ್ನೇ ಹಾಕುತ್ತಿದ್ದೆ. ನಮ್ಮಲ್ಲಿ ವಿಂಡೋಸ್ ಆರು, ಉಳಿದದ್ದು ಲಿನಕ್ಸ್, ನೋಡಿಕೊಳ್ಳುವ ಇಬ್ಬರೂ ಲಿನಕ್ಸಿನವರು. (ಹೈಪರ್‌ವೈಸರ್ ಬದಲಿಸಿದರೆ ವಿಂಡೋಸ್ ಲೈಸೆನ್ಸ್ ಖರ್ಚು ಉಳಿಯುತ್ತದೆ ಎಂದುಕೊಳ್ಳುವವರಿದ್ದಾರೆ. ಉಳಿಯುವುದಿಲ್ಲ, ಆ ಲೈಸೆನ್ಸ್ ಸರ್ವರ್‌ನ ಕೋರ್‌ಗಳಿಗೆ ಅಂಟಿಕೊಂಡದ್ದು.) ಇನ್ನೊಂದು ಹೈಪರ್‌ವೈಸರ್ ಎಕ್ಸ್‌ಸಿಪಿ-ಎನ್‌ಜಿಯಲ್ಲಿ ಆಗ ಒಂದು ವರ್ಚುವಲ್ ಡಿಸ್ಕ್‌ಗೆ 2 ಟಿಬಿ ಮಿತಿಯಿತ್ತು, ನಮ್ಮ ಫೈಲ್ ಸರ್ವರ್ 3 ಟಿಬಿ ದಾಟಿತ್ತು. ಉಳಿದದ್ದು ಲಿನಕ್ಸ್ ಮೇಲೆ ನಿಂತ ಹೈಪರ್‌ವೈಸರ್ ಪ್ರಾಕ್ಸ್‌ಮಾಕ್ಸ್.

ನಿಜವಾದ ತಲೆನೋವು ಸ್ಟೋರೇಜ್. ನಮ್ಮದು ಐಎಸ್‌ಸಿಎಸ್‌ಐ ಸ್ಯಾನ್, ಅಂದರೆ ನೆಟ್‌ವರ್ಕ್ ಮೂಲಕ ಎಲ್ಲ ಸರ್ವರ್‌ಗಳಿಗೂ ಡಿಸ್ಕ್ ಕೊಡುವ ಪೆಟ್ಟಿಗೆ. ಅದರ ಒಂದೇ ಲನ್ (ಡಿಸ್ಕ್ ಭಾಗ) ಅನ್ನು ಮೂರು ಸರ್ವರ್ ಹಂಚಿಕೊಂಡು ಸ್ನ್ಯಾಪ್‌ಶಾಟ್ (ವಿಎಂನ ಆ ಕ್ಷಣದ ಸ್ಥಿತಿಯ ದಾಖಲೆ) ತೆಗೆಯುವುದು ವಿಎಂವೇರ್‌ನ ಫೈಲ್ ಸಿಸ್ಟಂ ವಿಎಂಎಫ್‌ಎಸ್‌ಗೆ ನೀರು ಕುಡಿದಷ್ಟು ಸುಲಭ. ಪ್ರಾಕ್ಸ್‌ಮಾಕ್ಸ್ 8ರಲ್ಲಿ ಅದೇ ಲನ್ ಮೇಲೆ ಎಲ್‌ವಿಎಂ (ಲಿನಕ್ಸ್‌ನ ಡಿಸ್ಕ್ ವಿಂಗಡಿಸುವ ವ್ಯವಸ್ಥೆ) ಹಾಕಿದರೆ ವಿಎಂ ಓಡುತ್ತದೆ, ಸ್ನ್ಯಾಪ್‌ಶಾಟ್ ಮಾತ್ರ ಸಿಗುವುದಿಲ್ಲ. ಕೊನೆಗೆ ಸ್ಯಾನ್ ಬಿಟ್ಟೆವು. ಪ್ರತಿ ಸರ್ವರ್‌ಗೂ ಎಸ್‌ಎಸ್‌ಡಿ ಹಾಕಿ, ರೇಡ್ ಕಾರ್ಡನ್ನು ಎಚ್‌ಬಿಎ ಮೋಡ್‌ಗೆ ತಿರುಗಿಸಿ (ಡಿಸ್ಕ್‌ಗಳು ನೇರವಾಗಿ ಕಾಣಲೆಂದು), ಝಡ್‌ಎಫ್‌ಎಸ್ ಫೈಲ್ ಸಿಸ್ಟಂ ಮೇಲೆ ರೆಪ್ಲಿಕೇಷನ್, ಅಂದರೆ ಒಂದು ಸರ್ವರ್‌ನ ಡಿಸ್ಕ್ ಅನ್ನು ಇನ್ನೊಂದಕ್ಕೆ ನಕಲಿಸುವ ವ್ಯವಸ್ಥೆ, ಇಟ್ಟೆವು. ಅದು ತಾನಾಗಿ ನಡೆಯುವುದು 15 ನಿಮಿಷಕ್ಕೊಮ್ಮೆ. ಅಕೌಂಟ್ಸ್ ಮುಖ್ಯಸ್ಥರ ಬಳಿ ಹೋಗಿ, "ಸರ್, ಸರ್ವರ್ ದಿಢೀರನೆ ಸತ್ತರೆ ಕೊನೆಯ ಹದಿನೈದು ನಿಮಿಷದ ಎಂಟ್ರಿ ಹೋಗಬಹುದು" ಎಂದೆ. "ಮತ್ತೆ ಹಾಕ್ತೀವಿ ಬಿಡಿ" ಎಂದರು. ಅದನ್ನು ಮೇಲ್‌ನಲ್ಲಿ ಬರೆಸಿಕೊಂಡೆ. ಡೇಟಾಬೇಸ್ ವಿಎಂಗೆ ಮಾತ್ರ ಒಂದು ನಿಮಿಷಕ್ಕೆ ಇಳಿಸಿದೆ.

ಸಾಗಣೆಗೆ ಪ್ರಾಕ್ಸ್‌ಮಾಕ್ಸ್ 8.2ರಲ್ಲಿ ಇಎಸ್‌ಎಕ್ಸ್‌ಐನಿಂದ (ವಿಎಂವೇರ್‌ನ ಹೈಪರ್‌ವೈಸರ್) ನೇರ ಇಂಪೋರ್ಟ್ ಸೌಲಭ್ಯವಿದೆ. ಲಿನಕ್ಸ್ ವಿಎಂಗಳು ಬಂದವು, ಆದರೆ ನೆಟ್‌ವರ್ಕ್ ಏಳಲಿಲ್ಲ: ಇಎನ್‌ಎಸ್192 ಎಂಬ ಹೆಸರಿದ್ದ ನೆಟ್‌ವರ್ಕ್ ಕಾರ್ಡ್ ಇಎನ್‌ಎಸ್18 ಆಗಿತ್ತು, ಐಪಿ ಹಳೆಯ ಹೆಸರಿನಲ್ಲೇ ಉಳಿದಿತ್ತು. ಮೊದಲ ವಿಂಡೋಸ್ ವಿಎಂ ನೀಲಿ ಪರದೆ ತೋರಿಸಿ ಕೂತಿತು. ತಪ್ಪು ನನ್ನದೇ, ಪ್ರಾಕ್ಸ್‌ಮಾಕ್ಸ್‌ನ ವೇಗದ ವರ್ಚುವಲ್ ಡಿಸ್ಕ್ ಸಂಪರ್ಕವಾದ ವರ್ಟ್‌ಐಒಗೆ, ಅದರ ಡ್ರೈವರ್ ಹಾಕದೆಯೇ ಡಿಸ್ಕನ್ನು ಸಿಗಿಸಿದ್ದೆ. ಆಮೇಲೆ ಪ್ರತಿಯೊಂದನ್ನೂ ಮೊದಲು ವಿಂಡೋಸ್‌ಗೆ ಗೊತ್ತಿರುವ ಸಾಟಾ ಸಂಪರ್ಕದಲ್ಲಿ ಬೂಟ್ ಮಾಡಿ, 1 ಜಿಬಿಯ ಖಾಲಿ ವರ್ಟ್‌ಐಒ ಡಿಸ್ಕ್ ಒಂದನ್ನು ಜೋಡಿಸಿ, ಡ್ರೈವರ್ ಕೂರಿಸಿ, ಆಫ್ ಮಾಡಿ, ನಂತರವಷ್ಟೇ ಅಸಲಿ ಡಿಸ್ಕ್ ಬದಲಿಸಿದೆ. ವಿಎಂ ಒಳಗೆ ಹಾಕಿದ್ದ ವಿಎಂವೇರ್ ಟೂಲ್ಸನ್ನು (ವಿಎಂವೇರ್‌ನ ಸಹಾಯಕ ತಂತ್ರಾಂಶ) ಹಳೆಯ ಮನೆಯಲ್ಲಿರುವಾಗಲೇ ತೆಗೆಯಿರಿ. ಆಮೇಲೆ ಅದನ್ನು ಬಿಡಿಸಲು ಒಂದು ಮಧ್ಯಾಹ್ನ ಕಳೆದಿದ್ದೇನೆ.

ಎರಡು ಸರ್ವರ್ ಈಚೆ ಪ್ರಾಕ್ಸ್‌ಮಾಕ್ಸ್‌ನಲ್ಲಿ, ಒಂದು ಆಚೆ ವಿಎಂವೇರ್‌ನಲ್ಲೇ ಇದ್ದಾಗ ಇನ್ನೊಂದು ಭಯ: ಒಂದು ಬಿದ್ದರೆ ಉಳಿದದ್ದಕ್ಕೆ ಬಹುಮತವಿಲ್ಲ, ಕ್ಲಸ್ಟರ್ (ಒಟ್ಟಾಗಿ ನಡೆಯುವ ಸರ್ವರ್‌ಗಳ ಗುಂಪು) ಕೈಕಟ್ಟಿ ನಿಲ್ಲುತ್ತದೆ. ಮೂಲೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪ್ ಮೇಲೆ ಕ್ಯೂಡಿವೈಸ್ ಎಂಬ, ವೋಟು ಹಾಕಲಷ್ಟೇ ಇರುವ ಸೇವೆ ಹಾಕಿ ಮೂರನೆಯ ವೋಟು ಕೊಡಿಸಿದೆ.

ಮೂರನೆಯ ಸರ್ವರ್ ಅಳಿಸುವ ಮುಂಚೆ ಫೈಲ್ ಸರ್ವರನ್ನು ಬ್ಯಾಕಪ್‌ನಿಂದ ಬೇರೆ ಹೆಸರಿನಲ್ಲಿ ಎಬ್ಬಿಸಿ, ಅಕೌಂಟ್ಸ್‌ನವರಿಂದಲೇ ಹತ್ತು ಫೈಲ್ ತೆರೆಸಿದೆ. ಎಲ್ಲವೂ ತೆರೆದುಕೊಂಡ ಮೇಲೆ ಇಎಸ್‌ಎಕ್ಸ್‌ಐ ಅಳಿಸಿದೆ. ಒಂದು ಸಾಫ್ಟ್‌ವೇರ್‌ನ ಯುಎಸ್‌ಬಿ ಡಾಂಗಲ್ (ಲೈಸೆನ್ಸ್ ಕೀಲಿ) ಮಾತ್ರ ಇನ್ನೂ ಮೊದಲ ಸರ್ವರ್‌ನ ಬೆನ್ನಿಗೇ ಇದೆ. ಅದನ್ನು ಬಳಸುವ ವಿಎಂ ಎಲ್ಲಿಗೂ ಕದಲುವುದಿಲ್ಲ.